ಮೆದುಳ ಹೊದಿಕೆಯಲ್ಲಿ ಅಡ್ಡದಾರಿ ಹಿಡಿದ ರಕ್ತ

ಮೆದುಳನ್ನು ಮುಚ್ಚಿರುವ ಮೂರು ಪೊರೆಗಳಲ್ಲಿ ತಲೆಬುರುಡೆಯ ಒಳಮೈಗೆ ಹತ್ತಿಕೊಂಡಿರುವ ದಪ್ಪನೆಯ ಪೊರೆಗೆ ಡ್ಯೂರಾ ಎಂದು ಹೆಸರು. ಮೆದುಳಿನಿಂದ ಮರಳುವ ರಕ್ತವನ್ನು ಕುತ್ತಿಗೆಯತ್ತ ಸಾಗಿಸುವ ಅಗಲವಾದ ಕಾಲುವೆಗಳು, ಅಂದರೆ ಸೈನಸ್‌ಗಳು, ಇದರ ಪದರಗಳ ನಡುವೆಯೇ ಇವೆ. ಅಪಧಮನಿಯ ರಕ್ತ ಲೋಮನಾಳಗಳ ಜಾಲವನ್ನು ಹಾದು, ರಭಸ ಇಳಿದ ಮೇಲೆ ಸಿರೆಗಳನ್ನು ಸೇರುವುದು ದೇಹದ ಕ್ರಮ. ಡ್ಯೂರಾದ ಅಪಧಮನಿಯೊಂದು ಲೋಮನಾಳಗಳನ್ನು ಬಿಟ್ಟು ನೇರವಾಗಿ ಸೈನಸ್‌ಗೋ ಸಿರೆಗೋ ಕೂಡಿಕೊಂಡರೆ ಅದು ಡ್ಯೂರಲ್ ಫಿಸ್ಟುಲಾ.

ಇದು ಬಹುತೇಕ ಹುಟ್ಟಿನಿಂದ ಬರುವುದಲ್ಲ. ಐವತ್ತು ದಾಟಿದವರಲ್ಲಿ ಹೆಚ್ಚು. ಸೈನಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ, ತಲೆಗೆ ಪೆಟ್ಟು ಬಿದ್ದ ಮೇಲೆ, ಶಸ್ತ್ರಚಿಕಿತ್ಸೆಯ ನಂತರ ಕಾಣಿಸಿಕೊಳ್ಳಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ಲಕ್ಷಣಗಳು ದಾರಿ ತಪ್ಪಿಸುವಂಥವು. ಕಿವಿಯ ಹಿಂದಿನ ಸೈನಸ್‌ನಲ್ಲಿ ಫಿಸ್ಟುಲಾ ಇದ್ದರೆ ನಾಡಿಬಡಿತದ ಲಯಕ್ಕೆ ಸರಿಯಾಗಿ ಕಿವಿಯಲ್ಲಿ ಭುಸುಭುಸು ಸದ್ದು ಕೇಳಿಸುತ್ತದೆ. ಕಿವಿಯ ಹಿಂದೆ ಸ್ಟೆತಸ್ಕೋಪ್ ಇಟ್ಟ ವೈದ್ಯರಿಗೂ ಅದು ಕೇಳಿಸುವುದುಂಟು. ಕಣ್ಣಿನ ಹಿಂಬದಿಯ ಕ್ಯಾವರ್ನಸ್ ಸೈನಸ್‌ನಲ್ಲಿದ್ದರೆ ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕಣ್ಣುಬೇನೆ ಎಂದು ತಿಳಿದು ವಾರಗಟ್ಟಲೆ ಔಷಧಿ ಬಿಟ್ಟುಕೊಂಡವರಿದ್ದಾರೆ. ಇನ್ನು ಕೆಲವು ಹಿರಿಯರಲ್ಲಿ ಮರೆವು, ಮಂಕು, ನಡಿಗೆಯ ತೊಡಕು ಕಾಣಿಸಿಕೊಂಡು ಅರಳುಮರಳಿನಂತೆ ತೋರುತ್ತದೆ. ವಯಸ್ಸಾಯಿತೆಂದು ಮನೆಯವರು ಕೈಚೆಲ್ಲುವ ಈ ಸ್ಥಿತಿ, ಫಿಸ್ಟುಲಾ ಮುಚ್ಚಿದ ಮೇಲೆ ತಿಳಿಯಾಗಬಲ್ಲದು. ಆದ್ದರಿಂದಲೇ ಇದನ್ನು ಗುರುತಿಸುವುದು ಅಷ್ಟು ಮುಖ್ಯ.

ಅಪಾಯವೆಷ್ಟು ಎಂಬುದು ರಕ್ತ ಎತ್ತ ಹರಿಯುತ್ತಿದೆ ಎಂಬುದರ ಮೇಲೆ ನಿಂತಿದೆ. 1995ರಲ್ಲಿ ಬೋರ್ಡನ್ ಮತ್ತು ಕೊನ್ಯಾರ್ ಬೇರೆಬೇರೆಯಾಗಿ ಪ್ರಕಟಿಸಿದ ವರ್ಗೀಕರಣಗಳೆರಡೂ ಕೇಳುವ ಮುಖ್ಯ ಪ್ರಶ್ನೆ ಇದೇ. ರಕ್ತ ಸೈನಸ್‌ನಲ್ಲಿ ಮುಂದಕ್ಕೆ ಸಾಗುತ್ತಿದ್ದರೆ ಸದ್ದಿನ ಕಿರಿಕಿರಿಯ ಹೊರತು ಹೆಚ್ಚಿನ ಭಯವಿಲ್ಲ, ಕಾದು ನೋಡಬಹುದು. ಮೆದುಳಿನ ಮೇಲ್ಮೈಯ ಸಿರೆಗಳಿಗೆ ಹಿಮ್ಮುಖವಾಗಿ ನುಗ್ಗುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ. ತೆಳುಗೋಡೆಯ ಆ ಸಿರೆಗಳು ಅಪಧಮನಿಯ ಒತ್ತಡ ತಾಳದೆ ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ.

ಸಿ.ಟಿ., ಎಂ.ಆರ್.ಐ. ಸ್ಕ್ಯಾನ್‌ಗಳು ಅನುಮಾನ ಹುಟ್ಟಿಸಬಹುದು. ಆದರೆ ಹರಿವಿನ ದಿಕ್ಕನ್ನು ಖಚಿತವಾಗಿ ತೋರಿಸುವುದು ಆಂಜಿಯೋಗ್ರಾಂ. ಮೆದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಮೂಡಿಸುವ ಈ ವಿಧಾನಕ್ಕೆ 1927ರಲ್ಲಿ ಲಿಸ್ಬನ್‌ನ ಎಗಾಸ್ ಮೊನಿಜ್ ನಾಂದಿ ಹಾಡಿದರು. ಚಿಕಿತ್ಸೆಯನ್ನೂ ನಾಳದೊಳಗಿಂದಲೇ ಮಾಡಬಹುದೆಂಬುದಕ್ಕೆ ದೊಡ್ಡ ಪುರಾವೆ ಒದಗಿಸಿದವರು ಮಾಸ್ಕೋದ ಸೆರ್ಬಿನೆಂಕೊ: ನಾಳದೊಳಗೆ ಕಳಚಿ ಬಿಡಬಹುದಾದ ಪುಟ್ಟ ಬಲೂನುಗಳ ಬಗ್ಗೆ ಅವರು 1974ರಲ್ಲಿ ಬರೆದರು.

ಇಂದು ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ, ಕ್ಯಾತಿಟರ್ ಎಂಬ ಕೊಳವೆಯನ್ನು ಕುತ್ತಿಗೆಯವರೆಗೆ ಏರಿಸುತ್ತಾರೆ. ಅದರೊಳಗಿಂದ ಇನ್ನೂ ಸಪೂರವಾದ ಕೊಳವೆ ಡ್ಯೂರಾದ ಅಪಧಮನಿಯನ್ನು ಹೊಕ್ಕು ಫಿಸ್ಟುಲಾದ ಹತ್ತಿರ ಹೋಗುತ್ತದೆ. ತಲೆಬುರುಡೆ ತೆರೆಯಬೇಕಿಲ್ಲ. ಅಲ್ಲಿಂದ ಓನಿಕ್ಸ್‌ನಂಥ ದ್ರವವನ್ನು ತುಸುತುಸುವೇ, ನಿಲ್ಲಿಸಿ ನಿಲ್ಲಿಸಿ ಬಿಡಲಾಗುತ್ತದೆ. ರಕ್ತ ತಗಲಿದಂತೆ ಅದು ಗಟ್ಟಿಯಾಗುತ್ತದೆ. ಬೆರೆಸಿರುವ ಟ್ಯಾಂಟಲಂ ಪುಡಿಯಿಂದಾಗಿ ಅದರ ಜಾಡು ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಇಡೀ ಚಿಕಿತ್ಸೆಯ ಗುಟ್ಟು ಮುಚ್ಚುವ ಜಾಗದಲ್ಲಿದೆ. ಅಪಧಮನಿಯನ್ನಷ್ಟೇ ಕಟ್ಟಿದರೆ ಅಕ್ಕಪಕ್ಕದ ಅಪಧಮನಿಗಳು ಫಿಸ್ಟುಲಾಕ್ಕೆ ರಕ್ತ ಊಡತೊಡಗುತ್ತವೆ, ರೋಗ ಮರುಕಳಿಸುತ್ತದೆ. ದ್ರವ ಸಂಧಿಯನ್ನು ದಾಟಿ ಸಿರೆಯ ಬುಡ ತುಂಬಬೇಕು. ಅಲ್ಲಿಂದ ಮುಂದೆ ಹರಿದು ಆರೋಗ್ಯವಾಗಿರುವ ಸಿರೆಗಳನ್ನು ಕಟ್ಟಲೂಬಾರದು. ಕ್ಯಾವರ್ನಸ್ ಸೈನಸ್‌ನ ಫಿಸ್ಟುಲಾಗಳಿಗೆ ಸಾಮಾನ್ಯವಾಗಿ ಸಿರೆಯ ಕಡೆಯಿಂದಲೇ ಹೋಗಿ ಪ್ಲಾಟಿನಂ ಕಾಯಿಲ್‌ಗಳನ್ನು ತುಂಬುತ್ತಾರೆ.

ಗಾಯ ಚಿಕ್ಕದೆಂದು ಅಪಾಯ ಚಿಕ್ಕದಾಗುವುದಿಲ್ಲ. ಡ್ಯೂರಾದ ಅಪಧಮನಿಗಳಿಗೂ ಕಣ್ಣಿಗೆ, ಮುಖದ ನರಕ್ಕೆ ರಕ್ತ ಕೊಡುವ ನಾಳಗಳಿಗೂ ಸಣ್ಣ ಸಂಪರ್ಕಗಳಿರುತ್ತವೆ. ದ್ರವ ಅತ್ತ ಸರಿದರೆ ದೃಷ್ಟಿ ಹೋಗಬಹುದು, ಮುಖ ವಾಲಬಹುದು, ಪಾರ್ಶ್ವವಾಯು ಆಗಬಹುದು. ಹಣೆಯ ಹಿಂದಿನ ಕೆಲವು ಫಿಸ್ಟುಲಾಗಳಿಗೆ ರಕ್ತ ಬರುವುದೇ ಕಣ್ಣಿನ ಅಪಧಮನಿಯ ಕವಲುಗಳಿಂದ. ಅಂಥಲ್ಲಿ ತೆರೆದ ಶಸ್ತ್ರಚಿಕಿತ್ಸೆಗೆ ಇಂದಿಗೂ ತನ್ನ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಎರಡೂ ಬಗೆಯ ತಜ್ಞರು ಒಂದೇ ಸೂರಿನಡಿ ಸಿಗುವುದು ರೋಗಿಗೆ ದೊಡ್ಡ ಅನುಕೂಲ.

ಓನಿಕ್ಸ್ ಬಳಸಿದ ಮೇಲೆ ಒಂದೆರಡು ದಿನ ರೋಗಿಯ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಅದು ದ್ರಾವಕದ್ದು, ಗಾಬರಿ ಬೇಡ. ಫಿಸ್ಟುಲಾ ಪೂರ್ತಿ ಮುಚ್ಚಿದೆಯೇ ಎಂದು ಕೆಲವು ತಿಂಗಳ ನಂತರ ಇನ್ನೊಮ್ಮೆ ಆಂಜಿಯೋಗ್ರಾಂ ಮಾಡಿ ನೋಡುತ್ತಾರೆ. ಅಷ್ಟರೊಳಗೆ ನಿಂತಿದ್ದ ಸದ್ದು ಕಿವಿಯಲ್ಲಿ ಮತ್ತೆ ಶುರುವಾದರೆ ಆ ದಿನದವರೆಗೆ ಕಾಯದೆ ವೈದ್ಯರ ಬಳಿ ಹೋಗಬೇಕು.