ಸಣ್ಣ ಚೂರಿಗೆ ಸೋಲುವ ಗಟ್ಟಿ ಗಾಜು

ಕಾರಿನ ಪಕ್ಕದ ಕಿಟಕಿಗೆ ಮೊಣಕೈಯಿಂದ ಗುದ್ದಿದರೆ ನೋಯುವುದು ಮೊಣಕೈಗೇ. ಅದೇ ಗಾಜಿಗೆ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಸಣ್ಣದೊಂದು ಚೂರು ರಭಸದಿಂದ ತಾಗಿದರೆ ಇಡೀ ಕಿಟಕಿ ಹರಳು ಹರಳಾಗಿ ಉದುರುತ್ತದೆ. ಅಮೆರಿಕದ ಕಾರುಗಳ್ಳರಿಗೆ ಈ ಗುಟ್ಟು ಎಷ್ಟು ಚೆನ್ನಾಗಿ ಗೊತ್ತೆಂದರೆ, ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 466ನೇ ಕಲಂ ಕನ್ನ ಹಾಕುವ ಸಲಕರಣೆಗಳ ಸಾಲಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಚೂರನ್ನೂ ಸೇರಿಸಿದೆ!

ಕಾರಣ ಇರುವುದು ಈ ಕಿಟಕಿಗಳಿಗೆ ಬಳಸುವ ಟಫನ್ಡ್ (ಗಟ್ಟಿಗೊಳಿಸಿದ) ಗಾಜನ್ನು ತಯಾರಿಸುವ ಬಗೆಯಲ್ಲಿ. ಗಾಜಿನ ಹಾಳೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಬದಿಗೆ ತಣ್ಣನೆ ಗಾಳಿ ಊದುತ್ತಾರೆ. ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗಲು ಹೊರಟರೆ, ಆಗಲೇ ಬಿಗಿದುಕೊಂಡ ಹೊರಮೈ ಬಿಡುವುದಿಲ್ಲ. ಈ ಜಗ್ಗಾಟ ಗಾಜಿನೊಳಗೇ ಉಳಿದುಬಿಡುತ್ತದೆ: ಹೊರಗೆ ಒತ್ತಡ, ಒಳಗೆ ಎಳೆತ. ಗೀರೊಂದು ಬಾಯಿ ಬಿಟ್ಟರೆ ತಾನೆ ಗಾಜು ಒಡೆಯುವುದು? ಹೊರಮೈಯ ಒತ್ತಡ ಆ ಬಾಯನ್ನು ಮುಚ್ಚಿ ಹಿಡಿದಿರುತ್ತದೆ. ಹಾಗಾಗಿಯೇ ಇದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ.

ಆದರೆ ಈ ಕಾವಲು ಬಲು ತೆಳು. 4 ಮಿ.ಮೀ. ದಪ್ಪದ ಗಾಜಿನಲ್ಲಿ ಒಂದೊಂದು ಬದಿಗೆ ಸುಮಾರು 0.8 ಮಿ.ಮೀ. ಅಷ್ಟೆ. ಮೊಣಕೈಯ ಪೆಟ್ಟು ಅಗಲಕ್ಕೆ ಹರಡಿಕೊಳ್ಳುವುದರಿಂದ ಗಾಜು ತುಸು ಬಾಗಿ ತಾಳಿಕೊಳ್ಳುತ್ತದೆ. ಪಿಂಗಾಣಿ ಚೂರಿನ ಕಥೆ ಬೇರೆ. ಅದರಲ್ಲಿ ಬಹುಪಾಲು ಅಲ್ಯೂಮಿನಾ; ಮೋಸ್ ಗಡಸುತನದ ಮಾಪಕದಲ್ಲಿ ಅದಕ್ಕೆ 9, ಗಾಜಿಗೆ 6ರ ಆಸುಪಾಸು. ತಾಗಿದಾಗ ಅದರ ಚೂಪು ಮೂಲೆ ಮೊಂಡಾಗುವುದಿಲ್ಲ, ಪೆಟ್ಟೆಲ್ಲ ಒಂದೇ ಬಿಂದುವಿನಲ್ಲಿ ನಾಟುತ್ತದೆ. ಬಿರುಕಿನ ತುದಿ ಒಳಗಿನ ಎಳೆತದ ಪದರವನ್ನು ಮುಟ್ಟಿತೋ, ಮುಂದಿನ ಕೆಲಸ ಗಾಜಿನದೇ. ತನ್ನೊಳಗೆ ಅಡಗಿದ್ದ ಶಕ್ತಿಯಿಂದಲೇ ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿ.ಮೀ. ವೇಗದಲ್ಲಿ ಕವಲೊಡೆಯುತ್ತ ಓಡುತ್ತದೆ. ಉದುರಿದ ಚೂರುಗಳನ್ನು ನೋಡಿ: ಕಲ್ಲುಸಕ್ಕರೆಯಂಥ ತುಂಡುಗಳು, ಅಂಚು ಹೆಚ್ಚುಕಡಿಮೆ ಮೊಂಡು. ಕತ್ತು ಕೊಯ್ಯುವ ಉದ್ದುದ್ದ ಸೀಳುಗಳಿಲ್ಲ. ಒಡೆದಾಗಲೂ ಪ್ರಯಾಣಿಕರನ್ನು ಕಾಯಬೇಕೆಂದೇ ಈ ಏರ್ಪಾಡು.

ಕರಗಿದ ಗಾಜಿನ ಹನಿಯನ್ನು ನೀರಿಗೆ ಬಿಟ್ಟರೂ ಇದೇ ಜಗ್ಗಾಟ ಹುಟ್ಟುತ್ತದೆ. ರೂಪರ್ಟನ ಹನಿ ಎಂದು ಅದಕ್ಕೆ ಹೆಸರು. ತಲೆಗೆ ಸುತ್ತಿಗೆಯಿಂದ ಹೊಡೆದರೂ ಜಗ್ಗದ ಈ ಹನಿ, ಬಾಲ ಚಿವುಟಿದರೆ ಪುಡಿಪುಡಿ. 17ನೇ ಶತಮಾನದಲ್ಲೇ ರಾಯಲ್ ಸೊಸೈಟಿಯ ವಿದ್ವಾಂಸರ ತಲೆ ಕೆಡಿಸಿದ್ದ ಈ ಸಿಡಿತದ ಒಗಟನ್ನು 1994ರಲ್ಲಿ ಚಂದ್ರಶೇಖರ್ ಮತ್ತು ಚೌಧ್ರಿ ಎಂಬ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಹಿಡಿದು ಬಿಡಿಸಿದರು.

ಕಳ್ಳರ ಉಪಾಯವೇ ಆಪತ್ತಿನಲ್ಲಿ ಜೀವ ಉಳಿಸುವುದೂ ಹೌದು. ಬಸ್ಸುಗಳಲ್ಲಿ ತೂಗುಹಾಕಿರುವ ಸುತ್ತಿಗೆಯ ಮೊನೆ ಚೂಪಾಗಿ, ಗಡಸಾಗಿ ಇರುವುದು ಇದಕ್ಕೇ. ಹೊಡೆಯಬೇಕಾದದ್ದು ಕಿಟಕಿಯ ಮೂಲೆಗೆ. ನಡುಭಾಗ ಬಾಗಿ ಪೆಟ್ಟನ್ನು ನುಂಗಿಬಿಡುತ್ತದೆ. ಮುಂದಿನ ವಿಂಡ್‌ಶೀಲ್ಡಿನ ಮೇಲೆ ಮಾತ್ರ ಶಕ್ತಿ ವ್ಯಯಿಸಬೇಡಿ. ಅದು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಬೆಸೆದ ಲ್ಯಾಮಿನೇಟೆಡ್ ಗಾಜು, ಬಿರುಕು ಬಿಟ್ಟರೂ ಉದುರದು. ಈಗ ಕೆಲವು ಕಾರುಗಳ ಪಕ್ಕದ ಕಿಟಕಿಗಳಿಗೂ ಇದನ್ನೇ ಕೂರಿಸುತ್ತಿದ್ದಾರೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂಬುದು ಸಾಮಾನ್ಯವಾಗಿ ಗಾಜಿನ ಮೂಲೆಯ ಮುದ್ರೆಯಲ್ಲೇ ಇರುತ್ತದೆ, ಒಮ್ಮೆ ಓದಿಕೊಳ್ಳಿ. ಸುತ್ತಿಗೆ ಕೊಂಡಿದ್ದರೆ ಡಿಕ್ಕಿಯಲ್ಲಿಡದೆ ಕೈಗೆ ಸಿಗುವಲ್ಲಿ ಇಡಿ.