ಬಲ ಯಾವ ಚಕ್ರಕ್ಕೆ?

ಕಳಸ, ಮೂಡಿಗೆರೆಯ ಕಡೆ ಮಳೆಗಾಲದ ರಾತ್ರಿ ತೋಟದ ಲೈನ್ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಹುಡುಕುವುದು ಜೀಪನ್ನು. ಮಹೀಂದ್ರಾ ಕಂಪನಿಯ ಯಾವ ಗಾಡಿಯಾದರೂ ಆದೀತೆ?

ಇಂಜಿನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆಂದು ಕೇಳಿ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ; ಮುಂದಿನ ಚಕ್ರಗಳು ಹಗುರಾಗಿ ಕೆಸರಿನಲ್ಲಿ ಹಿಡಿತ ಬಿಡುತ್ತವೆ. ಎಕ್ಸ್‌ಯುವಿ 3ಎಕ್ಸ್‌ಒ ಮುಂದಿನ ಚಕ್ರಗಳಿಂದಲೇ ಓಡುವ ಕಾರು; ಟಾರು ರಸ್ತೆಗೆ ಸೊಗಸು. ಬೊಲೆರೊದಲ್ಲಿ ಬಲ ಹಿಂದಿನ ಚಕ್ರಗಳಿಗೆ. ಏರಿನಲ್ಲಿ ಅದು ವಾಸಿ, ಆದರೆ ಆ ಎರಡೂ ಜಾರಿದರೆ ಗಾಡಿ ನಿಂತಂತೆಯೇ.

ಜನ ಏಮಾರುವುದು ಥಾರ್‌ನಲ್ಲಿ. 2020ರ ಹೊಸ ಥಾರ್‌ನಲ್ಲಿ ನಾಲ್ಕೂ ಚಕ್ರಗಳಿಗೆ ಬಲವಿತ್ತು. 2023ರಲ್ಲಿ ಹಿಂದಿನ ಚಕ್ರಗಳಿಗಷ್ಟೇ ಬಲವಿರುವ ಥಾರ್ ಕೂಡ ಬಂತು. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ! ಒಳಗೆ ಇಣುಕಿ ನೋಡಿ: ನಾಲ್ಕು ಚಕ್ರದ್ದರಲ್ಲಿ ಗೇರಿನ ಪಕ್ಕ ಇನ್ನೊಂದು ಲಿವರ್ ಇರುತ್ತದೆ. ಅದನ್ನು 'ಲೋ'ಗೆ ಹಾಕಿದರೆ ವೇಗ ಇಳಿದು, ಚಕ್ರವನ್ನು ತಿರುಗಿಸುವ ಬಲ ಏರುತ್ತದೆ.

2024ರ ಥಾರ್ ರಾಕ್ಸ್‌ನಲ್ಲಿ ಮನೆಮಂದಿಗೆಲ್ಲ ಜಾಗವಿದೆ. ಆದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2850 ಮಿಲಿಮೀಟರ್. ಮೂರು ಬಾಗಿಲಿನ ಥಾರ್‌ನಲ್ಲಿ 2450. ತೋಟದ ಇಕ್ಕಟ್ಟು ತಿರುವಿನಲ್ಲಿ ಆ 40 ಸೆಂಟಿಮೀಟರ್ ಗೊತ್ತಾಗುತ್ತದೆ.

ರೋಗಿಯನ್ನು ಕೂರಿಸಿಕೊಂಡು ಇಳಿಯುವಾಗಲೂ 'ಲೋ' ಬೇಕು. ಆಗ ಇಂಜಿನ್ನೇ ವೇಗವನ್ನು ಹಿಡಿದಿಡುತ್ತದೆ, ಬ್ರೇಕು ಅಷ್ಟಾಗಿ ಕಾಯುವುದಿಲ್ಲ.