ಕೌದಿಗೆ ಕೋಣೆ ಬೇಡ, ಬಿಸಿಲು ಬೇಕು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಭಟ್ಕಳ ತಾಲೂಕಿನ ಮಾವಳ್ಳಿಯ ದಂಡೆಯಲ್ಲಿ ಆಗ ಗಂಡಸರು ಸೂರಿನಡಿ ಕೂತು ಬಲೆ ಸರಿಮಾಡುತ್ತಾರೆ. ಹರಿದ ಕಣ್ಣು ಹುಡುಕಿ, ನೂಲು ಹೆಣೆದು, ಗಂಟು ಬಿಗಿದು ಮುಂದಕ್ಕೆ ಸರಿಯುತ್ತಾರೆ. ಅದಕ್ಕೆಂದು ಅವರು ಕೋಣೆ ಕಟ್ಟಿಸಿಲ್ಲ, ಮೇಜು ಮಾಡಿಸಿಲ್ಲ. ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡರೆ ಸಾಕು. ಕೌದಿ ಹೊಲಿಯಬೇಕೆಂಬ ಆಸೆ ಹುಟ್ಟಿದಾಗ ನಾನು ಮೊದಲು ನೋಡಬೇಕಿದ್ದದ್ದು ಅವರನ್ನು. ನೋಡಿದ್ದು ಮೊಬೈಲಿನಲ್ಲಿ, ಪರದೇಶದ ಹೊಲಿಗೆ ಕೋಣೆಗಳನ್ನು.

ಅಲ್ಲಿ ಗೋಡೆಯುದ್ದಕ್ಕೂ ಕಪಾಟು, ಬಣ್ಣ ನೋಡಿ ಜೋಡಿಸಿಟ್ಟ ಬಟ್ಟೆ, ಚಕ್ರದಂತೆ ಉರುಳುವ ಕತ್ತಿ, ಅದರಡಿಗೊಂದು ಮ್ಯಾಟು, ಎರಡು ಬಟ್ಟೆಗಳ ನಡುವೆ ಇಡಲು ಪಾಲಿಯೆಸ್ಟರ್ ಹಾಸು. ನಾನೂ ಕೆಲವನ್ನು ತರಿಸಿದೆ. ಮ್ಯಾಟನ್ನು ತೊಳೆದು ಅಂಗಳದಲ್ಲಿ ಒಣಗಲು ಹಾಕಿದೆ. ಬಿಸಿಲಿಗೆ ಹಪ್ಪಳದ ಹಾಗೆ ಸುರುಟಿತು. ಪಾಲಿಯೆಸ್ಟರ್ ಹಾಸು ಇನ್ನೂ ಅಟ್ಟದ ಮೇಲಿದೆ. ಅದನ್ನು ಹೊದೆಯುವಂಥ ಚಳಿ ನಮ್ಮ ಕರಾವಳಿಗೆ ಬರುವ ಲಕ್ಷಣ ಕಾಣುವುದಿಲ್ಲ.

ಕಲಿಯಬೇಕಿದ್ದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇತ್ತು. ಹೊನ್ನಾವರ, ಕುಮಟಾ ದಾಟಿ, ಅಂಕೋಲೆಯಲ್ಲಿ ಬಲಕ್ಕೆ ತಿರುಗಿ ಅರಬೈಲು ಘಾಟಿ ಹತ್ತಿದರೆ ಯಲ್ಲಾಪುರ. ಅಲ್ಲಿ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಹೆಂಗಸರ ಕೌದಿಗೆ ‘ಕವಂದಿ’ ಎಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2011ರಲ್ಲಿ ಇವು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಈಗ ಅಲ್ಲಿನ ಕೌದಿಗಾರರ ಬಾಯಲ್ಲಿ ‘ಕವಂದಿ’ ಎಂದರೆ ಒಂದು ಹೊಲಿಗೆ ಕ್ರಮದ ಹೆಸರು. ಅವರು ನಮ್ಮ ಘಟ್ಟದಿಂದ ಕಲಿಯುತ್ತಿರುವಾಗ ನಾನು ಅವರ ಮ್ಯಾಟು ತರಿಸಿಕೊಂಡು ಕೂತಿದ್ದೆ.

ಈ ಕ್ರಮದ ಜಾಣತನ ಕೈಯಲ್ಲಿ ಸೂಜಿ ಹಿಡಿದ ಮೇಲೆಯೇ ತಿಳಿಯುವುದು. ಪಾಶ್ಚಾತ್ಯರ ಪದ್ಧತಿಯಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಮೇಲ್ಪದರ ಮಾಡಬೇಕು. ಆಮೇಲೆ ಮೂರು ಪದರ ಹಾಸಿ, ಸರಿಯದಂತೆ ಕಚ್ಚಾ ಹೊಲಿಗೆ ಹಾಕಿ, ಮತ್ತೆ ಹೊಲಿದು, ಕೊನೆಗೆ ಅಂಚು ಕಟ್ಟಬೇಕು. ಅಷ್ಟಕ್ಕೆಲ್ಲ ಅಗಲವಾದ ಮೇಜು ಬೇಕೇ ಬೇಕು. ಸಿದ್ದಿಯರು ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅಂಚು ಮಡಚಿ, ಮೂಲೆಯಿಂದ ಹೊರಡುತ್ತಾರೆ. ತುಂಡಿನ ಬಾಯನ್ನು ಬೆರಳಲ್ಲೇ ಒಳಕ್ಕೆ ಮಡಚುತ್ತಾ, ಎಲ್ಲ ಪದರಗಳನ್ನೂ ಒಟ್ಟಿಗೆ ಚುಚ್ಚುವ ಸಾದಾ ಹೊಲಿಗೆ ಹಾಕುತ್ತಾ, ಅಂಚಿನಿಂದ ಸುತ್ತು ಬಂದು ನಡುವಿಗೆ ಸೇರುತ್ತಾರೆ. ತುಂಡು ಕೂಡಿಸುವುದು, ಪದರ ಬಿಗಿಯುವುದು, ಅಂದ ಬರುವುದು ಎಲ್ಲವೂ ಒಂದೇ ದಾರದಲ್ಲಿ. ಅಳತೆಪಟ್ಟಿ ಬೇಕಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯೂ ಬೇಕಿಲ್ಲ. ಕೊನೆಗೆ ನಾಲ್ಕು ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಫುಲ’, ಎಂದರೆ ಹೂವು, ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಹಾಗಾದರೆ ಕೊಳ್ಳಬೇಕಾದದ್ದು ಏನು? ಒಳ್ಳೆಯ ಸೂಜಿ. ಗೋಣಿ ಹೊಲಿಯುವ ದಬ್ಬಣವಲ್ಲ. ದಪ್ಪ ಹತ್ತಿದಾರ ಹಿಡಿಸುವಷ್ಟು ಕಣ್ಣು, ನಾಲ್ಕು ಪದರ ತೂರುವಷ್ಟು ಮೊನೆ ಇದ್ದರಾಯಿತು. ಅಂಗಡಿಯಲ್ಲಿ ನನ್ನಂತೆ ಮೋಸಹೋಗಬೇಡಿ: ಕೈಸೂಜಿಯಲ್ಲಿ ನಂಬರು ಏರಿದಷ್ಟೂ ಸೂಜಿ ಸಪೂರ, ಮಷಿನ್ ಸೂಜಿಯಲ್ಲಿ ಏರಿದಷ್ಟೂ ದಪ್ಪ. ದಾರವನ್ನು ಎರಡು ಮೊಳಕ್ಕಿಂತ ಉದ್ದ ತೆಗೆದರೆ ಸಿಕ್ಕಾಗುತ್ತದೆ. ಅದನ್ನೊಮ್ಮೆ ಮೇಣದ ಬತ್ತಿಯ ಮೇಲೆ ಎಳೆದುಕೊಂಡರೆ ಸಲೀಸು. ನಡುಬೆರಳಿಗೆ ಅಂಗುಸ್ತಾನ. ಬಟ್ಟೆಗೆಂದೇ ಒಂದು ಕತ್ತರಿ. ಅದರಲ್ಲಿ ಮಕ್ಕಳು ಕಾಗದ ಕತ್ತರಿಸಿದ ದಿನವೇ ಅದು ಅಡುಗೆಮನೆಗೆ.

ಪುಸ್ತಕಗಳು ಹೇಳದ ಕಷ್ಟವೊಂದು ನಮಗಿದೆ, ಉಪ್ಪುಗಾಳಿ, ಅದರ ಜೊತೆಗೆ ತೇವ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ ಅರ್ಧ ಮೀಟರಿನಷ್ಟು ಸುರಿದಿತ್ತು. ಬಟ್ಟೆಯಲ್ಲೇ ಚುಚ್ಚಿಟ್ಟು ಮರೆತ ಸೂಜಿ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಅಜ್ಜನ ಬಿಳಿ ಪಂಚೆಯ ತುಂಡಿನಲ್ಲಿ ನಾನು ಹಾಗೆ ಬಿಟ್ಟ ಕಂದು ಕಲೆ ಯಾವ ಸೋಪಿಗೂ ಹೋಗಲಿಲ್ಲ. ಹಿಂದಿನವರು ತಲೆಗೂದಲು ತುಂಬಿದ ಪುಟ್ಟ ದಿಂಬಿಗೆ ಸೂಜಿ ಚುಚ್ಚಿಡುತ್ತಿದ್ದರು. ಕೂದಲಿನ ಎಣ್ಣೆಪಸೆ ತುಕ್ಕು ತಡೆಯುತ್ತದೆ. ಕೇಳಲು ಹೇಸಿಗೆ ಎನಿಸಿದರೂ ಇದರಷ್ಟು ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಆದರೆ ಮಷಿನಿಗೆ ಮಾತ್ರ ಕೊಬ್ಬರಿ ಎಣ್ಣೆ ಬಿಡಬೇಡಿ, ಒಳಗೆ ಅಂಟಾಗಿ ಕೂರುತ್ತದೆ. ಮಷಿನ್ ಎಣ್ಣೆಯೇ ಆಗಬೇಕು. ಎಣ್ಣೆ ಬಿಟ್ಟ ಮೇಲೆ, ಹೊಲಿಯುವ ಮೊದಲು, ಬೇಡದ ಬಟ್ಟೆಯ ಮೇಲೆ ನಾಲ್ಕು ಸಾಲು ಓಡಿಸಿ.

ಮಷಿನಿನಲ್ಲಿ ಕೌದಿ ಆಗುವುದಿಲ್ಲವೆಂದಲ್ಲ. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿಕೊಂಡರೆ ಮೂರ್ನಾಲ್ಕು ಪದರ ಎಳೆಯುತ್ತದೆ. ತೊಂದರೆ ಭಾರದ್ದು. ಆರಡಿ ಕೌದಿ ಹಿಂದಿನಿಂದ ಜೋತುಬಿದ್ದು ಸೂಜಿಯನ್ನೇ ಬಾಗಿಸುತ್ತದೆ. ಎಡಕ್ಕೂ ಹಿಂದಕ್ಕೂ ಒಂದೊಂದು ಬೆಂಚು ತಾಗಿಸಿಟ್ಟರೆ ಅದು ತಪ್ಪುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವಿದೆ. ಮಷಿನು ಮನೆಗೆ ಬಂದೀತು. ಆದರೆ ಅದನ್ನು ಅಡುಗೆಮನೆಯ ಕತ್ತಲ ಮೂಲೆಯಲ್ಲಿಟ್ಟು, ಮೇಲೆ ಮಡಚಿದ ಬಟ್ಟೆಗಳ ರಾಶಿ ಒಟ್ಟಿದ ಎಷ್ಟೋ ಮನೆ ಕಂಡಿದ್ದೇನೆ.

ನನ್ನ ಹೊಲಿಗೆ ಜಾಗ ಈಗ ಜಗಲಿ. ಬಲಗೈಯಲ್ಲಿ ಹೊಲಿಯುವವಳಾದ್ದರಿಂದ ಬೆಳಕು ಎಡದಿಂದ ಬರುವಂತೆ ಕೂರುತ್ತೇನೆ, ಕೈನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ನೆಲದ ಮೇಲೆ ಚಾಪೆ, ಬೆನ್ನಿಗೆ ಗೋಡೆ, ಪಕ್ಕದಲ್ಲಿ ಮುಚ್ಚಳವಿರುವ ಸ್ಟೀಲ್ ಡಬ್ಬಿ. ಹೊಲಿದಷ್ಟು ಭಾಗವನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡರೆ ದೊಡ್ಡ ಕೌದಿಗೂ ಅಷ್ಟೇ ಜಾಗ ಸಾಕು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡದಿದ್ದರೆ ಮೊಣಕಾಲು ಮಾತ್ರ ಲೆಕ್ಕ ಚುಕ್ತಾ ಮಾಡುತ್ತದೆ.

ಹೊಲಿಯುವ ಮನಸ್ಸಿದ್ದವರು ಏಪ್ರಿಲ್ ಹೊತ್ತಿಗೆ ಹಳೆಯ ಹತ್ತಿ ಸೀರೆ, ಲುಂಗಿ, ಪಂಚೆಗಳನ್ನು ಆರಿಸಿಕೊಳ್ಳಿ. ಕೆಂಪು, ಕಡುನೀಲಿ ಬಟ್ಟೆಗಳನ್ನು ಬೇರೆಯಾಗಿ ನೆನೆಸಿ ಬಣ್ಣ ಬಿಡುತ್ತದೋ ನೋಡಿ. ಎರಡು ಬಿಸಿಲು ಕಾಣಿಸಿ, ಡಬ್ಬಿಗೆ ಹಾಕಿ ಮುಚ್ಚಿಡಿ. ಜೂನ್ ಹಿಡಿಯಿತೆಂದರೆ ಇಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ.